ಆರು ಮೀಟರ್ ಬ್ಯಾಡ, ಐದು ಸಾಕು: ಗೋವಾದ ಗಾಳಿಗೆ ನಾ ಆರಿಸಿದ ವಿಂಗ್

ನನ್ನ ತೂಕ 54 ಕೆಜಿ, ಎತ್ತರ ಐದು ಅಡಿ ಎರಡು ಇಂಚು. ವಿಂಗ್ ಫಾಯಿಲಿಂಗ್ ಅನ್ನೋ ನೀರಾಟದ ವಿಂಗ್ ಬಗ್ಗೆ ಯಾರು ಏನು ಬರದ್ರೂ ಮೊದಲ ಇದನ್ನ ಹೇಳಬೇಕು, ಇಲ್ಲಂದ್ರ ಮುಂದ ಹೇಳೋ ಮಾತಿಗೆ ಅರ್ಥಾನ ಇರಂಗಿಲ್ಲ. ನಾನು ಧಾರವಾಡದಾಕಿ, ಏಳು ವರ್ಷ ಆತು ಗೋವಾಕ್ಕ ಬಂದು, ಪರ್ವರಿಯೊಳಗ ಇರ್ತೇವಿ. ಹೋದ ವರ್ಷ ಫೆಬ್ರುವರಿಯೊಳಗ ಅಶ್ವೆಂ ಬೀಚಿನ್ಯಾಗ ವಿಂಗ್ ಫಾಯಿಲಿಂಗ್ ಕಲಿಯಾಕ ಶುರು ಮಾಡಿದೆ, ಈ ಸೀಸನ್ನಿಗೆ ಸ್ವಂತದ್ದೊಂದು ವಿಂಗ್ ತಗೊಂಡೆ, ಐದು ಸ್ಕ್ವೇರ್ ಮೀಟರಿಂದು (ಮಾತಿನ್ಯಾಗ ಬರೇ ಮೀಟರ್ ಅಂತೇವಿ), ಸೆಕೆಂಡ್ ಹ್ಯಾಂಡ್, 42 ಸಾವಿರಕ್ಕ. ತಗೊಳ್ಳೂಕಿಂತ ಮೊದಲ ಆರು ವಾರ ಅವರಿವರ ಕಡೆ ಇಸ್ಕೊಂಡು, ಬಾಡಿಗಿಗೆ ತಗೊಂಡು, ನಾಕು ಮೀಟರಿಂದ ಆರು ಮೀಟರಿನ ತನಕ ಎಲ್ಲಾ ಹಿಡಿದು ನೋಡೇನಿ. ಆ ಆರು ವಾರ ಕಳೀದ ಇದ್ದಿದ್ರ ನಾನು ತಪ್ಪು ವಿಂಗ್ ತಗೊಂಡಿರತಿದ್ದೆ, ಅದೂ ದೀಡಪಟ್ಟು ರೊಕ್ಕ ಕೊಟ್ಟು. ಅದಕ್ಕ ಇಷ್ಟುದ್ದ ಬರೀಲಿಕ್ಕೆ ಕೂತೇನಿ.

ಇದು ಏನಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೇನಿ. ಗಾಳಿ ತುಂಬಿದ ದೊಡ್ಡ ರೆಕ್ಕಿ ಅಂತ ತಿಳ್ಕೋರಿ, ಎರಡೂ ಕೈಯಾಗ ಹಿಡ್ಕೊಂಡು ನಿಲ್ಲೋದು. ಕೈಟ್ ಸರ್ಫಿಂಗಿನಂಗ ಉದ್ದುದ್ದ ಹಗ್ಗ ಇರಂಗಿಲ್ಲ, ವಿಂಡ್ ಸರ್ಫಿಂಗಿನಂಗ ಬೋರ್ಡಿಗೆ ಕಂಬ ಇರಂಗಿಲ್ಲ. ಮುಂದಿನ ಅಂಚಿನುದ್ದಕ್ಕ ಒಂದು ದಪ್ಪ ಕೊಳವಿ, ಅದಕ್ಕ ಲೀಡಿಂಗ್ ಎಡ್ಜ್ ಅಂತಾರ, ನಟ್ಟನಡುವ ಇನ್ನೊಂದು ಕೊಳವಿ, ಅದು ಸ್ಟ್ರಟ್, ಇವೆರಡಕ್ಕ ಪಂಪಿನಿಂದ ಗಾಳಿ ಹೊಡೀಬೇಕು, ಇವುಗಳ ನಡುವ ಬಿಗಿಯಾಗಿ ನಿಲ್ಲೋ ಅರಿವಿಗೆ ಕ್ಯಾನೊಪಿ ಅಂತಾರ. ಕಾಲಕೆಳಗಿನ ಬೋರ್ಡಿನ ಅಡಿಯಾಗ ಒಂದು ಮಾಸ್ಟು, ಅಂದ್ರ ನೀರೊಳಗ ಇಳಿಯೋ ಕೋಲು, ಅದರ ತುದಿಗೆ ಸಣ್ಣ ವಿಮಾನದಂಥಾ ಫಾಯಿಲ್, ಸ್ವಲ್ಪ ವೇಗ ಬಂದ ಕೂಡ್ಲೆ ಆ ಫಾಯಿಲ್ ಇಡೀ ಬೋರ್ಡನ್ನ ನೀರಿನಿಂದ ಮ್ಯಾಲೆತ್ತಿಬಿಡ್ತದ. ಅದು ಎದ್ದಾಗ ತಳಕ್ಕ ಬಡಿಯೋ ನೀರಿನ ಸಪ್ಪಳ ಒಮ್ಮಿಗೇ ನಿಲ್ತದ. ಆ ಕ್ಷಣಕ್ಕ ನಾನು ಮೊದಲ ಸಲ ಬಾಯಿಬಿಟ್ಟು ಅವ್ವಾ ಅಂದೆ, ಅವತ್ತಿಂದ ಈ ಹುಚ್ಚು ಬಿಟ್ಟಿಲ್ಲ. ಆಟ ಹೊಸದು, 2019ರ ಸುಮಾರಿಗೆ ಡುಯೋಟೋನ್, ನೈಶ್, ಸ್ಲಿಂಗ್‌ಶಾಟ್, ಎಫ್-ವನ್ ಕಂಪನಿಯವರೆಲ್ಲಾ ವಿಂಗ್ ಮಾರಾಟಕ್ಕ ಬಿಟ್ಟ ಮ್ಯಾಲೇನ ಜಗತ್ತಿನ್ಯಾಗ ಹಬ್ಬಿದ್ದು. ಅದಕ್ಕ ನಮ್ಮ ಕಡೆ ಕೇಳಾಕ ಹಳಬರಂತ ಯಾರೂ ಇಲ್ಲ, ಇಂಟರ್‌ನೆಟ್ಟಿನ್ಯಾಗ ಇರೋ ಸೈಜಿನ ಚಾರ್ಟ್ ನೋಡಿ ಎಲ್ಲಾರೂ ತಗೋತಾರ. ಗೋಳು ಅಲ್ಲಿಂದಾನ ಶುರು.

ಆ ಚಾರ್ಟ್‌ಗಳು ಬಹಳಷ್ಟು 75, 80 ಕೆಜಿ ತೂಕದ ಮನಿಷಾರನ್ನ ಮನಸಿನ್ಯಾಗ ಇಟ್ಕೊಂಡು ಮಾಡಿದ್ದು, ಅದೂ 15, 20 ನಾಟ್ (ನಾಟ್ ಅಂದ್ರ ಗಾಳಿ ವೇಗದ ಅಳತಿ) ಗಾಳಿ ದಿನಾ ಬೀಸೋ ಕಡೆ ಇರೋರು ಮಾಡಿದ್ದು. ಗೋವಾದ ಗಾಳಿ ಹಂಗಲ್ಲರಿ. ಇಲ್ಲಿ ನಮಗ ಸಿಗೋದು ಸಮುದ್ರದ ಗಾಳಿ, ಅಂದ್ರ ಮಧ್ಯಾಹ್ನ ನೆಲ ಕಾಯ್ತದ, ನೆಲದ ಮ್ಯಾಲಿನ ಗಾಳಿ ಬಿಸಿ ಆಗಿ ಮ್ಯಾಲೇರ್ತದ, ಆ ಜಾಗ ತುಂಬಾಕ ಸಮುದ್ರದ ಕಡಿಯಿಂದ ತಂಪು ಗಾಳಿ ಒಳಗ ಬರ್ತದ. ಮುಂಜಾನೆ ಏನೂ ಇರಂಗಿಲ್ಲ, ಇದ್ರೂ ನೆಲದಿಂದ ಸಮುದ್ರದ ಕಡೆ ಹೋಗೋ ಸಣ್ಣ ಗಾಳಿ, ಅದರಾಗ ಇಳಿದ್ರ ಹೊಳ್ಳಿ ದಂಡಿಗೆ ಬರೋದು ಕಷ್ಟ, ಇಳೀಲೇಬ್ಯಾಡ್ರಿ. ಒಂದು ಎರಡಕ್ಕ ಶುರು ಆಗಿ, ಮೂರರಿಂದ ಐದರ ತನಕ ಛಲೋ ಇದ್ದು, ಸೂರ್ಯ ಮುಳುಗೋ ಹೊತ್ತಿಗೆ ಸತ್ತುಹೋಗ್ತದ. ಅಶ್ವೆಂ, ಮೋರ್ಜಿಂ ಕಡೆ ವಾಯವ್ಯದಿಂದ ಓರೆಯಾಗಿ ದಂಡಿಗೆ ಬಡೀತದ, ಕಲಿಯೋರಿಗೆ ಇದು ದೊಡ್ಡ ಅನುಕೂಲ, ಬಿದ್ರೂ ಗಾಳಿ ದಂಡಿಗೇ ತಂದು ಬಿಡ್ತದ. ಫೆಬ್ರುವರಿಯಿಂದ ಮೇ ತನಕ ನಾನು ಇಳಿದ ದಿನಗಳೊಳಗ ಬಹಳಷ್ಟು 10ರಿಂದ 15 ನಾಟ್ ಒಳಗಿನವು. ಕಿಲೋಮೀಟರ್ ಲೆಕ್ಕದಾಗ 12 ನಾಟ್ ಅಂದ್ರ ತಾಸಿಗೆ 22, 15 ನಾಟ್ ಅಂದ್ರ 28.

ನೋಡಾಕ ಮೂರು ನಾಟಿನ ಅಂತರ ಏನ್ ಮಹಾ ಅನಸ್ತದ, ಆದ್ರ ಗಾಳಿಯ ಒತ್ತು ವೇಗದ ವರ್ಗದಂಗ ಏರ್ತದ, ಹಿಂಗಾಗಿ 12ರಿಂದ 15ಕ್ಕ ಹೋದ್ರ ಕೈಗೆ ಬರೋ ಜಗ್ಗು ಒಂದೂವರಿ ಪಟ್ಟಿಗಿಂತ ಜಾಸ್ತಿ ಆಗ್ತದ. ಇದು ಗೊತ್ತಿಲ್ದ ನಾನು ಮೊದಮೊದಲ ಮೊಬೈಲಿನ್ಯಾಗ ಬರೇ ನಾಟ್ ನೋಡಿ ಮನಿಯಿಂದ ಓಡಿ ಬರತಿದ್ದೆ. ಈಗ ಕಣ್ಣಿಂದ ನೋಡ್ತೇನಿ. ನೀರಿನ ಮ್ಯಾಲೆ ಅಲ್ಲೊಂದು ಇಲ್ಲೊಂದು ಬಿಳಿ ನೊರಿ ಕಂಡ್ರ ಇನ್ನೂ ಕಾಯಬೇಕು, ಎಲ್ಲಾ ಕಡೆ ನೊರಿ ಕಾಣಾಕ ಹತ್ತಿದ್ರ 12ರ ಸುಮಾರು ಬಂತು ಅಂತ ಲೆಕ್ಕ. ಅಲ್ಲಿ ಒಂದು ಶ್ಯಾಕಿನ್ಯಾಗ, ಅಂದ್ರ ದಂಡಿ ಮ್ಯಾಲಿನ ಗುಡಿಸಲ ಹೋಟೆಲಿನ್ಯಾಗ, ಬಾದಾಮಿ ಕಡೆ ಹುಡುಗ ಒಬ್ಬ ಕೆಲಸಕ್ಕಿದ್ದಾನ, ನನಗ ಪಂಪ್ ಹೊಡೀಲಿಕ್ಕೆ ಸಹಾಯ ಮಾಡ್ತಾನ, ಅವನ ಲೆಕ್ಕ ಇನ್ನೂ ಸರಳ. "ಅಕ್ಕಾರ, ಬಾವುಟ ಜೋತುಬಿದ್ದೈತಿ, ಚಾ ಕುಡೀರಿ. ನೆಟ್ಟಗ ನಿಂತಿಂದ ನಾನ ಕರೀತೀನಿ." ಅವನು ಕರೆದಾಗ ಹೋದ್ರ ಒಂದು ದಿನಾನೂ ಸುಳ್ಳಾಗಿಲ್ಲ.

ಈಗ ಸೈಜಿನ ಮಾತು. ಗಾಳಿ ಕಮ್ಮಿ, ಅಂದಮ್ಯಾಲೆ ದೊಡ್ಡ ವಿಂಗ್ ತಗೋ, ಆರು ಮೀಟರಿಂದು ತಗೋ. ಇದು ನನಗ ಸಿಕ್ಕ ಎಲ್ಲಾರೂ ಹೇಳಿದ ಮಾತು, ಕೇಳಾಕ ಬರೋಬ್ಬರಿ ಅನಸ್ತದ. ನಮ್ಮ ಮನಿಯವರೂ ಹಂಗ ಅಂದ್ರು, "ಆರು ತಗೋ ಅಂದ್ರ ಇಬ್ಬರಿಗೂ ಆಗ್ತದ." ಅವರ ತೂಕ 82 ಕೆಜಿ.

ಒಬ್ಬ ಪರಿಚಯದವರ ಕಡೆಯಿಂದ ಆರು ಮೀಟರಿಂದು ಇಸ್ಕೊಂಡು ಎರಡು ವಾರ ಹಿಡಿದೆ. ಅದು ತುದಿಯಿಂದ ತುದಿಗೆ ಮೂರೂವರಿ ಮೀಟರ್ ದಾಟ್ತದ, ಮಾಡೆಲ್ ಪ್ರಕಾರ ಸ್ವಲ್ಪ ಹೆಚ್ಚು ಕಮ್ಮಿ. ಬೋರ್ಡಿನ ಮ್ಯಾಲೆ ಮೊಣಕಾಲೂರಿ ಕೂತು ವಿಂಗನ್ನ ತಲಿ ಮ್ಯಾಲೆ ಎತ್ತಿ ಹಿಡಿಯೋದು ಮೊದಲನೇ ಹೆಜ್ಜಿ. ನಾನು ಮೊಣಕಾಲಿನ ಮ್ಯಾಲೆ ಕೂತ್ರ ನನ್ನ ಕೈ ಎಷ್ಟು ಮ್ಯಾಲೆ ಹೋಗ್ತದ ಹೇಳ್ರಿ? ಸ್ವಲ್ಪ ಓರೆ ಆದ್ರ ಸಾಕು, ಕೆಳಗಿನ ತುದಿ ನೀರಿಗೆ ಮುಟ್ಟತಿತ್ತು. ಮುಟ್ಟಿದ ಕೂಡ್ಲೆ ಬೋರ್ಡ್ ಮುಂದ ಹೋಗ್ತದ, ತುದಿ ಅಲ್ಲೇ ಹಿಡೀತದ, ವಿಂಗ್ ಗಿರಕ್ಕನ ತಿರುಗಿ ಬೆನ್ನಿನ ಮ್ಯಾಲೆ ಬೀಳ್ತದ, ವಿಂಗನ್ನ ಮಣಿಕಟ್ಟಿಗೆ ಕಟ್ಟಿದ ಹಗ್ಗ, ಅದಕ್ಕ ಲೀಶ್ ಅಂತಾರ, ಕೈಯನ್ನ ಹಿಂದಕ್ಕ ಜಗ್ಗತದ. ಮಗುಚಿದ್ದನ್ನ ನೀರಾಗ ಈಜಕೋತ ಹೊಳ್ಳಿ ನೆಟ್ಟಗ ಮಾಡಿ, ಬೋರ್ಡ್ ಹತ್ತಿ, ಮತ್ತ ಎತ್ತಿ, ಮತ್ತ ತುದಿ ಮುಟ್ಟಿ. ಒಂದು ದಿನ ಎಣಿಸಿದೆ, ಒಂದು ತಾಸಿನ್ಯಾಗ ಇಪ್ಪತ್ತೆರಡು ಸಲ. ಎದ್ದು ನಿಂತಿದ್ದು ಮೂರು ಸಲ. ಬಲಗೈ ಭುಜ ರಾತ್ರಿ ಪೂರ್ತಿ ನೋವು, ರೊಟ್ಟಿ ಬಡೀಲಿಕ್ಕೆ ಆಗಲಿಲ್ಲ.

ನಾನು ತಿಳ್ಕೊಂಡಿದ್ದೆ ನನಗ ಬಲ ಸಾಲವಲ್ದು, ಬ್ಯಾಲೆನ್ಸ್ ಇಲ್ಲ, ಇನ್ನೂ ಕಲೀಬೇಕು ಅಂತ. ಮರುವಾರ ಒಬ್ಬ ಹುಡುಗಿ ತನ್ನ ಐದು ಮೀಟರಿಂದು ಕೊಟ್ಲು, ಅದೇ ಬೀಚು, ಅದೇ ಬೋರ್ಡು, ಗಾಳಿ 13ರ ಸುಮಾರು, ಮೊದಲನೇ ಪ್ರಯತ್ನದಾಗ ನಿಂತೆ. ಐದರದ್ದು ತುದಿಯಿಂದ ತುದಿಗೆ ಸಾಧಾರಣ ಒಂದು ಅಡಿಯಷ್ಟು ಗಿಡ್ಡ, ತೂಕ ಎರಡೂವರಿ ಕೆಜಿ ಆಸುಪಾಸು, ಕೈಗೆ ಮಾತು ಕೇಳ್ತದ. ಅರ್ಧಾ ಕೆಜಿ ಕಮ್ಮಿ ಆದ್ರ ಏನ್ ಆಗ್ತದ ಅನ್ನೋರು ಅರ್ಧಾ ತಾಸು ಕೈ ಮ್ಯಾಲೆತ್ತಿ ಹಿಡಿದು ನೋಡ್ರಿ. ನಾಕು ಮೀಟರಿಂದೂ ಹಿಡಿದೆ, ಅದು ಆಟಿಗಿಯಂಗ ಹಗುರ, ಆದ್ರ 12 ನಾಟಿನ್ಯಾಗ ಬೋರ್ಡ್ ಏಳಲೇ ಇಲ್ಲ, 18 ದಾಟಿದ ಒಂದೇ ಒಂದು ದಿನ ಅದು ಸೊಗಸಾಗಿ ಓಡ್ತು. ಗೋವಾದಾಗ ಅಂಥಾ ದಿನಕ್ಕ ಕಾದು ಕೂತ್ರ ಸೀಸನ್ ಮುಗೀತದ.

ಹಂಗಾದ್ರ ಗಾಳಿ 10, 11 ಇದ್ದಾಗ ಏನ್ ಮಾಡೋದು? ಇದು ನನಗ ಗೊತ್ತಾಗಾಕ ಒಂದು ಸೀಸನ್ ಪೂರ್ತಿ ಬೇಕಾತು, ನಿಮಗ ಪುಕ್ಕಟ ಹೇಳ್ತೇನಿ: ಕೈಯಾಗಿನ ಅರಿವಿ ದೊಡ್ಡದು ಮಾಡಬ್ಯಾಡ್ರಿ, ನೀರಾಗಿನ ಫಾಯಿಲ್ ದೊಡ್ಡದು ಮಾಡ್ರಿ. ನಾನು ಮೊದಲ ಓಡಸ್ತಿದ್ದ ಫಾಯಿಲಿನ ಮುಂದಿನ ರೆಕ್ಕಿ 1250 ಸ್ಕ್ವೇರ್ ಸೆಂಟಿಮೀಟರ್, ಅದನ್ನ ತಗದು 1900ರದ್ದು ಹಾಕಿದೆ. ಎರಡರ ಆಕಾರ ಹೆಚ್ಚುಕಮ್ಮಿ ಒಂದೇ ಇದ್ರ ಏಳಾಕ ಬೇಕಾಗೋ ವೇಗ ಐದನೇ ಒಂದು ಪಾಲು ಕಮ್ಮಿ ಆಗ್ತದ. ನೀರು ಗಾಳಿಗಿಂತ ಎಂಟನೂರು ಪಟ್ಟು ದಟ್ಟ, ಅದಕ್ಕ ಕೆಳಗ ಸ್ವಲ್ಪ ಅಗಲ ಹೆಚ್ಚು ಮಾಡಿದ್ರ ಕೆಲಸ ಆಗ್ತದ, ಮ್ಯಾಲೆ ಅಷ್ಟ ಪರಿಣಾಮಕ್ಕ ಇಡೀ ಒಂದು ಮೀಟರ್ ಅರಿವಿ ಹೊರಬೇಕು. ದೊಡ್ಡ ಫಾಯಿಲ್ ನಿಧಾನ ಹೋಗ್ತದ, ತಿರುಗಾಕ ಸೋಮಾರಿ, ಖರೆ. ಆದ್ರ ಕಲಿಯೋ ವರ್ಷದಾಗ ನಿಧಾನ ಹೋಗೋದು ಒಳ್ಳೇದ. ಬೋರ್ಡಿಗೂ ಇದೇ ಮಾತು, ನಿಮ್ಮ ತೂಕದ ಮ್ಯಾಲೆ 30, 40 ಲೀಟರ್ ಜಾಸ್ತಿ ಇರೋ ಬೋರ್ಡ್ ಇದ್ರ ನಿಂತು ಗಾಳಿಗೆ ಕಾಯಬಹುದು, ನನ್ನದು 92 ಲೀಟರಿಂದು.

ನಮ್ಮ ಮನಿಯವರ ವಿಷಯಕ್ಕ ಬಂದ್ರ ಅವರಿಗೆ ಐದು ಸಾಲಂಗಿಲ್ಲ. 82 ಕೆಜಿಗೆ 12 ನಾಟಿನ್ಯಾಗ ಆರೇ ಬೇಕು, ಅವರು ಐದೂ ಮುಕ್ಕಾಲು ಅಡಿ ಅದಾರ, ತುದಿ ಮುಟ್ಟೋ ತ್ರಾಸ ಅವರಿಗೆ ಇಲ್ಲ. ಇಬ್ಬರಿಗೂ ಒಂದೇ ವಿಂಗ್ ಅನ್ನೋ ಆಸೆ ಬಿಟ್ವಿ. ಗಂಡ ಹೆಂಡತಿ ಕೂಡಿ ಕಲಿಯೋರಿದ್ರ ಮೊದಲ ಇದನ್ನ ಇತ್ಯರ್ಥ ಮಾಡ್ಕೋರಿ, ಇಲ್ಲಂದ್ರ ಒಬ್ಬರು ನೀರಾಗ ಒಬ್ಬರು ದಂಡಿ ಮ್ಯಾಲೆ.

ಸೈಜ್ ಆದ ಮ್ಯಾಲೆ ಹ್ಯಾಂಡಲ್. ಬ್ರ್ಯಾಂಡಿಗಿಂತ ನೂರು ಪಾಲು ಮುಖ್ಯ ಇದು, ಆದ್ರ ಯಾರೂ ಇದರ ಬಗ್ಗೆ ಹೆಚ್ಚು ಮಾತಾಡಂಗಿಲ್ಲ. ಮೂರು ನಮೂನಿ ಅವ. ಒಂದು ಮೆತ್ತನ್ನ ಪಟ್ಟಿಯ ಹ್ಯಾಂಡಲ್, ಸ್ಕೂಲ್ ಬ್ಯಾಗಿನ ಹಿಡಿಕಿಯಂಥಾದ್ದು. ಹಗುರ, ಸುತ್ತಿ ಇಡಾಕ ಸಸಾರ, ಬೋರ್ಡಿಗೆ ಬಡದ್ರ ಏನೂ ಆಗಂಗಿಲ್ಲ. ಆದ್ರ ಹಿಡಿದಾಗ ವಿಂಗಿಗೂ ಕೈಗೂ ನಡುವ ಒಂದು ಸಡಲು ಇರ್ತದ, ನೀವು ಕೈ ತಿರುಗಿಸಿದ್ದು ವಿಂಗಿಗೆ ಮುಟ್ಟಾಕ ತಟಗು ತಡ. ಎರಡನೇದು ಗಟ್ಟಿ ಹ್ಯಾಂಡಲ್, ಸ್ಟ್ರಟ್ಟಿಗೆ ಬೋಲ್ಟ್ ಹಾಕಿ ಕೂಡಿಸಿರ್ತಾರ, ಬೆರಳು ತಿರುಗಿಸಿದ್ರ ವಿಂಗ್ ತಿರುಗ್ತದ. ಮೂರನೇದು ಬೂಮ್, ಸ್ಟ್ರಟ್ಟಿನುದ್ದಕ್ಕ ಒಂದೇ ಕೋಲು, ಡುಯೋಟೋನಿನ ಸ್ಲಿಕ್ ಅಂಥಾದ್ದು. ಅದನ್ನ ಒಂದು ಮಧ್ಯಾಹ್ನ ಹಿಡಿದೆ, ಭಾಳ ಹಿಡಿಸ್ತು, ಕೈ ಎಲ್ಲಿ ಬೇಕಲ್ಲಿ ಸರಿಸಬಹುದು, ಗಾಳಿ ಜೋರಾದ್ರ ಮುಂದಕ್ಕ, ಕಮ್ಮಿಯಾದ್ರ ಹಿಂದಕ್ಕ, ಹ್ಯಾಂಡಲ್ ಹುಡುಕೋ ಕೆಲಸಾನ ಇಲ್ಲ. ತಿರುಗುವಾಗ ಕೈ ಬದಲಿ ಮಾಡೋದು ಎಷ್ಟು ಸರಳ ಅಂದ್ರ, ನಾನು ಪಟ್ಟಿ ಹ್ಯಾಂಡಲಿನ್ಯಾಗ ಕತ್ತಲಾಗ ಸ್ವಿಚ್ ಹುಡುಕಿದಂಗ ತಡಕಾಡತಿದ್ದೆ, ಇಲ್ಲಿ ಕೈ ತಾನ ಹೋಗಿ ಕೂಡ್ತಿತ್ತು. ನನ್ನ ಬಜೆಟ್ಟಿನ್ಯಾಗ ಬೂಮಿಂದು ಸೆಕೆಂಡ್ ಹ್ಯಾಂಡ್ ಸಿಗಲಿಲ್ಲ, ಸಿಕ್ಕಿದ್ರ ಅದನ್ನ ತಗೋತಿದ್ದೆ.

ಗಟ್ಟಿ ಹ್ಯಾಂಡಲ್ ತಗೊಳ್ಳುವಾಗ ದಪ್ಪ ನೋಡ್ರಿ. ಸಣ್ಣ ಕೈ ಇದ್ದೋರಿಗೆ ದಪ್ಪ ಹಿಡಿಕಿ ಅಂದ್ರ ಮುಷ್ಟಿ ಪೂರಾ ಮುಚ್ಚಂಗಿಲ್ಲ, ಮುಚ್ಚದ ಮುಷ್ಟಿ ಬ್ಯಾಗ ದಣೀತದ, ಮುಂಗೈ ಕಲ್ಲಾಗ್ತದ. ಅಂಗಡಿಯಾಗ ಹಿಡಿದು ನೋಡಿದ್ರ ಗೊತ್ತಾಗಂಗಿಲ್ಲ, ನೀರು ಹತ್ತಿದ ಕೈಯಿಂದ ಹತ್ತು ನಿಮಿಷ ಹಿಡೀರಿ. ನಾನು ತಗೊಂಡಿದ್ದರ ಹಿಡಿಕಿ ತೆಳ್ಳಗದ, ನಮ್ಮ ಲಟ್ಟಣಿಗಿ ಹಿಡಿಯಷ್ಟ. ಬೆರಳಿನ ತುದಿ ಅಂಗೈಗೆ ಮುಟ್ತದ, ಇದೊಂದ ಕಾರಣಕ್ಕ ಒಂದು ತಾಸು ಹೆಚ್ಚು ಆಡ್ತೇನಿ. ಮುಂದಿನ ತುದಿಗೆ ಲೀಡಿಂಗ್ ಎಡ್ಜಿನ ಮ್ಯಾಲೆ ಇನ್ನೊಂದು ಹ್ಯಾಂಡಲ್ ಇರ್ತದ, ಅದನ್ನೂ ಮರೀಬ್ಯಾಡ್ರಿ. ತೆರಿ ಹಿಡಿದು ಓಡುವಾಗ ಅದೊಂದನ್ನ ಹಿಡಿದು ವಿಂಗನ್ನ ಹಿಂದ ಬಿಟ್ಟುಬಿಡಬಹುದು, ಒಳ್ಳೇ ವಿಂಗ್ ಆದ್ರ ಗಾಳಿಯೊಳಗ ಸುಮ್ನ ತೇಲಿಕೋತ ಬರ್ತದ, ಕೆಟ್ಟದ್ದಾದ್ರ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಡಕೊಳ್ತದ.

ಅರಿವಿಯ ಹೊಟ್ಟಿ ಬಗ್ಗೆ ಎರಡು ಮಾತು. ಗಾಳಿ ತುಂಬಿಂದ ಕ್ಯಾನೊಪಿ ಎಷ್ಟು ಉಬ್ಬಿ ನಿಲ್ತದ ಅನ್ನೋದರ ಮ್ಯಾಲೆ ವಿಂಗಿನ ಗುಣ ನಿಂತದ. ಹೊಟ್ಟಿ ಆಳ ಇದ್ರ ಕಮ್ಮಿ ಗಾಳಿಯಾಗ ಬ್ಯಾಗ ಎತ್ತತದ, ಗೋವಾಕ್ಕ ಅದು ಬೇಕು. ಚಪ್ಪಟ ಇದ್ರ ಜೋರು ಗಾಳಿಯಾಗ ಸ್ಥಿರ ಇರ್ತದ, ಗಾಳಿಗೆದುರಾಗಿ ಓರೆ ಹೋಗಾಕ ಛಲೋ. ನನ್ನದು ಆಳದ್ದು. ಗಾಳಿ 18 ದಾಟಿದ್ರ ಹಿಂದಿನ ಅಂಚು ಪಟಪಟ ಅಂತದ, ಹಿಂದಿನ ಕೈ ಮ್ಯಾಲೆ ಭಾರ ಏರ್ತದ, ಆ ಹೊತ್ತಿಗೆ ನಾನು ದಂಡಿಗೆ ಬಂದುಬಿಡ್ತೇನಿ. ವರ್ಷಕ್ಕ ಅಂಥಾ ದಿನ ಬೆರಳೆಣಿಕಿ, ಅದಕ್ಕ ಇದು ನನಗ ಕೊರತಿ ಅನಿಸಿಲ್ಲ.

ಆದ್ರ ಕೊಳವಿಗೆ ಪಂಪಿನಿಂದ ಗಾಳಿ ಕಮ್ಮಿ ಹೊಡದ್ರ ಎಂಥಾ ವಿಂಗಾದ್ರೂ ಹಾಳು. ಹೋದ ವರ್ಷ ಬಾಡಿಗಿ ಕೊಡೋ ಒಂದು ಕಡೆ, ಹೆಸರು ಬ್ಯಾಡ, ತಾಸಿನ ಲೆಕ್ಕಕ್ಕ ವಿಂಗ್ ತಗೊಂಡೆ, ಅವರ ಹುಡುಗ ಅವಸರದಾಗ ಒಂದಿಪ್ಪತ್ತು ಸಲ ಪಂಪ್ ಹೊಡದು ಕೊಟ್ಟ. ಮುಟ್ಟಿದ್ರ ಗಟ್ಟಿ ಅನಸ್ತಿತ್ತು. ನೀರಾಗ ಹೋಗಿ ಒಂದು ಜೋರು ಗಾಳಿ ಬಂದ ಕೂಡ್ಲೆ ಲೀಡಿಂಗ್ ಎಡ್ಜ್ ನಡುವ ಮಡಚಿ ಬಾಳಿಕಾಯಿಯಂಗ ಬಾಗಿತು, ನಾನು ಮುಖದ ಮ್ಯಾಲೆ ಬಿದ್ದೆ, ಬೋರ್ಡಿನ ಅಂಚು ಗದ್ದಕ್ಕ ತಾಕಿತು. ಹೊರಗ ಬಂದು ಒತ್ತಡದ ಮೀಟರ್ ಹಚ್ಚಿ ನೋಡಿದ್ರ ನಾಕೂವರಿ ಪಿಎಸ್‌ಐ (ಒಳಗಿನ ಗಾಳಿ ಒತ್ತಡದ ಅಳತಿ). ಬಹಳಷ್ಟು ವಿಂಗಿಗೆ ಏಳು, ಎಂಟು ಪಿಎಸ್‌ಐ ಬೇಕು, ವಾಲ್ವಿನ ಹತ್ರಾನ ಬರದಿರ್ತಾರ, ಕೈಯಿಂದ ಒತ್ತಿ ನೋಡಿದ್ದನ್ನ ನಂಬಬ್ಯಾಡ್ರಿ, ಮೀಟರ್ ಇರೋ ಪಂಪ್ ತಗೋರಿ. ಅವತ್ತಿಂದ ನಾನು ಯಾರ ವಿಂಗ್ ಆದ್ರೂ ಮೀಟರ್ ನೋಡದ ನೀರಿಗೆ ಇಳಿಯಂಗಿಲ್ಲ, ಹೆಲ್ಮೆಟ್ಟೂ ಅವತ್ತಿಂದಾನ.

ಜಾಸ್ತಿ ಗಾಳಿಯದ್ದೂ ಅಪಾಯ ಅದ, ಅದು ನಮ್ಮ ಬಿಸಲಿಗೆ ಸಂಬಂಧಪಟ್ಟದ್ದು. ಶ್ಯಾಕಿನ ನೆರಳಾಗ 30 ಡಿಗ್ರಿಯೊಳಗ ಎಂಟು ಪಿಎಸ್‌ಐ ತುಂಬಿ, ಆಮ್ಯಾಲೆ ಕಾದ ಉಸುಕಿನ ಮ್ಯಾಲೆ ಬಿಸಲಿಗೆ ಇಟ್ಟು ಊಟಕ್ಕ ಕೂತ್ರಿ ಅಂತ ಇಟ್ಕೋರಿ, ಒಳಗಿನ ಗಾಳಿ 20 ಡಿಗ್ರಿ ಬಿಸಿ ಏರಿದ್ರ ಒತ್ತಡ ಒಂಬತ್ತೂವರಿಗೆ ಹೋಗ್ತದ. ಹೊಲಿಗಿ ಬಿಡೋದು, ಕೊಳವಿಯೊಳಗಿನ ಗಾಳಿಚೀಲ (ಬ್ಲ್ಯಾಡರ್) ಒಡಿಯೋದು ಹಿಂಗ. ತುಂಬಿ ಇಡಬೇಕಾದ್ರ ನೆರಳಾಗ ಇಡ್ರಿ, ನೆರಳು ಇಲ್ಲಂದ್ರ ಸ್ವಲ್ಪ ಗಾಳಿ ಬಿಟ್ಟು ಇಡ್ರಿ.

ಹೊಸದೋ ಹಳೇದೋ ಅಂತ ಕೇಳಿದ್ರ, ಗೋವಾದಾಗ ಹಳೇದು ಸಿಗತಾವ. ಸೀಸನ್ ಮುಗಿಸಿ ಏಪ್ರಿಲ್, ಮೇ ಒಳಗ ತಮ್ಮೂರಿಗೆ ಹೊಳ್ಳಿ ಹೋಗೋ ವಿದೇಶದವರು ಮಾರಿ ಹೋಗ್ತಾರ. ಹೊಸದಕ್ಕ ನನಗ ಹೇಳಿದ ರೇಟು ತರಿಸೋ ಖರ್ಚು, ಕಸ್ಟಮ್ಸ್ ಎಲ್ಲಾ ಕೂಡಿ ಲಕ್ಷ ದಾಟಿತ್ತು. ಅಲೂಲಾ ಅನ್ನೋ ಹಗುರ, ಭಾಳ ಬಿಗಿ ಬಟ್ಟೆಯಿಂದ ಕೊಳವಿ ಮಾಡಿದ ವಿಂಗ್‌ಗಳೂ ಬಂದಾವ, ಅವು ಇನ್ನೂ ಭಾಳ ತುಟ್ಟಿ. ಒಮ್ಮೆ ಹಿಡಿದಿದ್ದೆ, ಹಗುರ ಅಂದ್ರ ಹಗುರ, ಆದ್ರ ಕಲಿಯೋರಿಗೆ ಅಷ್ಟು ರೊಕ್ಕ ಹಾಕೋದು ಬ್ಯಾಡ, ನಾವು ವಿಂಗಿನ ಮ್ಯಾಲೆ ಬೀಳ್ತೇವಿ, ಫಾಯಿಲಿನ ಅಂಚು ತಾಗಿ ಅರಿವಿ ಹರೀತದ. ಸಾಮಾನ್ಯ ಡೇಕ್ರಾನ್ ಬಟ್ಟಿಯ ಕೊಳವಿಯದ್ದು ಸಾಕು, ಹರಿದ್ರ ತ್ಯಾಪಿ ಹಚ್ಚಬಹುದು.

ನಾನು ತಗೊಂಡಿದ್ದು ಎರಡು ಸೀಸನ್ ಓಡಿದ್ದು. ಮಾರೋರು 48 ಹೇಳಿದ್ರು. ನಾನು ಒಂದು ರಾತ್ರಿ ಮನಿಗೆ ಒಯ್ದು ನೋಡ್ತೇನಿ ಅಂದೆ, ಒಪ್ಪಿದ್ರು, ಒಪ್ಪದ ಇದ್ದಿದ್ರ ಬಿಟ್ಟು ಬರತಿದ್ದೆ. ಪಡಸಾಲಿಯಾಗ ಸೋಫಾ ಸರಿಸಿ, ಫ್ಯಾನ್ ಬಂದ್ ಮಾಡಿ, ಏಳೂವರಿ ಪಿಎಸ್‌ಐ ತುಂಬಿ ಇಟ್ಟೆ. ಅವಾಗ ಅವ್ವ ಧಾರವಾಡದಿಂದ ಬಂದಿದ್ಲು. ಅವ್ವ ನಲವತ್ತು ವರ್ಷ ಮನ್ಯಾಗ ಹೊಲಿಗಿ ಮಾಡಿ ನಮ್ಮನ್ನ ಓದಿಸಿದಾಕಿ. ಬಾಗಿಲಾಗ ನಿಂತು ನೋಡಿ, "ಏನವಾ ಇದು, ಲಗ್ನದ ಹಂದರ ಹಾಕಿದಂಗ ಅದಲ್ಲ" ಅಂದ್ಲು, ಆಮ್ಯಾಲೆ ಹತ್ರ ಬಂದು ಚಾಳೀಸು ಹಾಕ್ಕೊಂಡು ಅರಿವಿ ನೋಡಾಕ ಕೂತಳು. ಬೆರಳಾಗ ಹಿಡಿದು ಕಿವಿ ಹತ್ರ ತಂದು ಚರಚರ ಅನಿಸಿದ್ಲು, "ಗಂಜಿ ಇನ್ನೂ ಅದ, ಭಾಳ ಹಾಕಿದ್ದಲ್ಲ" ಅಂದ್ಲು. ಅದು ಗಂಜಿ ಅಲ್ಲ, ಬಟ್ಟಿ ಮ್ಯಾಲಿನ ಕೋಟಿಂಗ್, ಆದ್ರ ಅವ್ವನ ಪರೀಕ್ಷೆ ಬರೋಬ್ಬರಿ ಇತ್ತು, ಕ್ಯಾನೊಪಿ ಹೊಸದಿದ್ದಾಗ ಕಾಗದದಂಗ ಚರ್ ಅಂತದ, ಬಿಸಲು ತಿಂದದ್ದು ಹಳೇ ಧೋತ್ರದಂಗ ಮೆತ್ತಗ ಆಗಿರ್ತದ. ಆಮ್ಯಾಲೆ ಉಗುರಿನ ತುದಿಯಿಂದ ಹೊಲಿಗಿಯ ಗುಂಟ ಹೋದ್ಲು, ಲೀಡಿಂಗ್ ಎಡ್ಜ್ ಪೂರ್ತಿ, ಆಮ್ಯಾಲೆ ಸ್ಟ್ರಟ್ಟು, ಹಿಂದಿನ ಅಂಚಿಗೆ ಬಂದು ಎಡಗಡೆ ತುದಿಗೆ ಗೇಣು ದೂರದಾಗ ನಿಂತ್ಲು. "ಇಲ್ಲೆ ದಾರ ಬಿಟ್ಟದ ನೋಡು." ನಾನು ಎರಡು ಸಲ ನೋಡಿ ದಾಟಿಸಿದ ಜಾಗ ಅದು. ನಾಕು ಬೆರಳಷ್ಟು ಉದ್ದ ಹೊಲಿಗಿ ಉಪ್ಪಿಗೆ ಸವದು ಎದ್ದಿತ್ತು.

ಮುಂಜಾನೆ ನೋಡಿದ್ರ ಗಾಳಿ ಏಳರ ಹತ್ರಾನ ಇತ್ತು, ರಾತ್ರಿ ತಂಪಿಗೆ ಅಷ್ಟು ಇಳಿಯೋದು ಸಹಜ. ವಾಲ್ವಿಗೆ ಸೋಪಿನ ನೀರು ಹಚ್ಚಿದೆ, ಗುಳ್ಳಿ ಏಳಲಿಲ್ಲ. ನೋಡಾಕ ಇಟ್ಟ ಪ್ಲಾಸ್ಟಿಕ್ ಕಿಟಕಿಯಾಗ ಮಡಿಕಿ ಗೆರಿ ಇದ್ದವು, ಬಿರುಕು ಇರಲಿಲ್ಲ. ಲೀಶ್ ಕಟ್ಟೋ ಜಾಗದ ಹೊಲಿಗಿ ಗಟ್ಟಿ ಇತ್ತು, ಅದು ಕಿತ್ತಿದ್ರ ವಿಂಗ್ ಗಾಳಿಯೊಳಗ ಉರುಳಿಕೋತ ಹೋಗ್ತದ, ನೀವು ಈಜಿಕೋತ ಹಿಂದ. ಮಾರೋರಿಗೆ ಆ ಬಿಟ್ಟ ದಾರ ತೋರಿಸಿದೆ, ಅವರಿಗೂ ಗೊತ್ತಿರಲಿಲ್ಲ, ತಾವ ಆರು ಸಾವಿರ ಇಳಿಸಿದ್ರು. ಅವ್ವ ಪಾಲಿಯೆಸ್ಟರ್ ದಾರದಿಂದ, ಹಳೇ ತೂತಿನ್ಯಾಗಾನ ಸೂಜಿ ಹಾಕಿ, ಹೊಸ ತೂತು ಒಂದೂ ಬೀಳದಂಗ ಕೈಹೊಲಿಗಿ ಹಾಕಿದ್ಲು. ಹೊಸ ತೂತು ಬಿದ್ರ ಅಲ್ಲಿಂದ ಹರೀತದ ಅಂತ ಆಕಿಗೆ ನಾನು ಹೇಳೋ ಅವಶ್ಯಕತಿ ಬೀಳಲಿಲ್ಲ.

ವಿಂಗಿನ ಬ್ಯಾರೆ ಕೊರತಿ ಹೇಳಬೇಕಂದ್ರ ಕಿಟಕಿ ಸಣ್ಣದು. ಎಡಗಡೆ ಯಾರ್ ಬರಾಕಹತ್ತಾರ ಕಾಣಂಗಿಲ್ಲ, ಆಗಾಗ ವಿಂಗ್ ಎತ್ತಿ ನೋಡಬೇಕು, ಸಂಜೀಕ ಈಜೋ ಮಂದಿ ಜಾಸ್ತಿ ಇದ್ದಾಗ ನಾನು ಆ ಕಡೆ ಹೋಗಂಗೇ ಇಲ್ಲ. ಹೊಸದಾಗಿ ತಗೊಳ್ಳೋರು ದೊಡ್ಡ ಕಿಟಕಿದು ತಗೋರಿ, ನಮ್ಮ ಬೀಚಿನ್ಯಾಗ ಮಂದಿ ಭಾಳ, ದೋಣಿ, ಬಲಿಯ ಹಗ್ಗ ಬ್ಯಾರೆ. ಚೀಲದ ಜಿಪ್ ಉಪ್ಪಿಗೆ ಹಿಡಿದು ನಿಂತದ, ಮೇಣದಬತ್ತಿ ತಿಕ್ಕಿ ನಡಸ್ತೇನಿ.

ಮೋರ್ಜಿಂ ಕಡೆ ಹೋಗೋರಿಗೆ ಒಂದು ವಿನಂತಿ. ಅಲ್ಲಿ ಆಲಿವ್ ರಿಡ್ಲಿ ಆಮೆ ಬಂದು ಉಸುಕಿನ್ಯಾಗ ತತ್ತಿ ಇಡ್ತಾವ, ಗೂಟ ಹೊಡದು ಹಗ್ಗ ಕಟ್ಟಿದ ಜಾಗ ಇರ್ತದ, ಅದರ ಹತ್ರ ವಿಂಗ್ ಹರವಬ್ಯಾಡ್ರಿ, ಬೋರ್ಡ್ ಎಳಕೊಂಡು ಹೋಗಬ್ಯಾಡ್ರಿ. ನಾವು ಆಡಾಕ ಬಂದೇವಿ, ಅವು ಸಂಸಾರಕ್ಕ ಬಂದಾವ.

ಸಿಹಿನೀರಿಂದ ತೊಳೆಯೋದು ದಿನಾ ತಪ್ಪಿಸಂಗಿಲ್ಲ, ಎರಡು ಬಕೆಟ್ ಸಾಕು, ಹ್ಯಾಂಡಲಿನ ಬೋಲ್ಟಿಗೆ, ವಾಲ್ವಿಗೆ ಮೊದಲ. ಒಣಗಿಸೋದು ನೆರಳಾಗ. ಜೂನಿನ್ಯಾಗ ಮಳಿ ಹಿಡಿದ್ರ ಸಪ್ಟೆಂಬರ್ ತನಕ ಸಮುದ್ರಕ್ಕ ಇಳಿಯೋ ಮಾತಿಲ್ಲ, ಗೋವಾದ ಆ ತಂಡಿಯೊಳಗ ಚಪ್ಪಲಿಗೂ ಬೂಷ್ಟು ಹಿಡೀತದ, ಅರ್ಧ ಒಣಗಿದ ವಿಂಗ್ ಸುತ್ತಿಟ್ರ ಅಕ್ಟೋಬರಿನ್ಯಾಗ ತಗದಾಗ ಕಪ್ಪು ಚುಕ್ಕಿ. ಇವತ್ತಿನ ತನಕ ನಂದು ಸ್ವಚ್ಛ ಅದ. ಈ ಸಲ ಮಳಿಗಿಂತ ಮೊದಲ ಧಾರವಾಡಕ್ಕ ಕಳಸ್ತೇನಿ, ಅಲ್ಲಿ ಹವಾ ಇಷ್ಟು ಹಸಿ ಇಲ್ಲ, ಅವ್ವನ ಅಟ್ಟದ ಮ್ಯಾಲೆ ಜಾಗ ಅದ. ಆಕಿ ಹಿಂದಿನ ಅಂಚಿನ ಉಳಿದ ಹೊಲಿಗಿನೂ ಒಮ್ಮೆ ನೋಡ್ತೇನಿ ಅಂದಾಳ.

ಅಲ್ಲಿ ತನಕ ಶನಿವಾರ ರವಿವಾರ ಮೂರು ಗಂಟೆ ಮ್ಯಾಲೆ ಅಶ್ವೆಂ ದಂಡಿಗೆ ಇರ್ತೇನಿ, ವಿಂಗ್ ನೀಲಿ ಬಣ್ಣದ್ದು. 50, 60 ಕೆಜಿ ಒಳಗಿನೋರು ಯಾರಾದ್ರೂ ಆರು ಮೀಟರಿಂದು ತಗೊಳ್ಳಾಕ ಹೊರಟಿದ್ರ ರೊಕ್ಕ ಕೊಡೂಕಿಂತ ಮೊದಲ ಬಂದು ನಂದು ಒಂದು ತಾಸು ಹಿಡೀರಿ, ಕನ್ನಡದಾಗ ಕೂಗ್ರಿ ಸಾಕು, ಶ್ಯಾಕಿನ ಹುಡುಗನೂ ತಿರುಗಿ ನೋಡ್ತಾನ.